ಆ ನಡುವಿನ ವರ್ಷಗಳನ್ನು ಬರಿ

ಪ್ರೀತಿಯ ತಂಗೀ,

ವೈರಸ್ಸಿನಿಂದ ಬರುವ ರಕ್ತದ ಕ್ಯಾನ್ಸರಿನ ಬಗ್ಗೆ ನೀನು ಬರೆದ ಲೇಖನ ಓದಿದೆ. ಕಾಗುಣಿತ, ಪ್ಯಾರಾ ಎಲ್ಲ ನೀನೇ ತಿದ್ದಿಕೊಳ್ಳುತ್ತೀಯ, ಅದರ ಮಾತು ಬೇಡ. ‘ವಿಜ್ಞಾನ ಬರೆಯೋದು ನನ್ನ ಕೈಲಾಗಲ್ಲ’ ಅಂದಿದ್ದೀಯಲ್ಲ, ಅದನ್ನು ನಾನು ಒಪ್ಪುವುದಿಲ್ಲ. ಸ್ಲೈಡಿನಲ್ಲಿ ಕಂಡ, ಕ್ಯಾನ್ಸರ್ ಹಿಡಿದ ಟಿ-ಕೋಶದ (ಸೋಂಕಿನ ವಿರುದ್ಧ ಹೋರಾಡುವ ಒಂದು ಬಗೆಯ ಬಿಳಿ ರಕ್ತಕಣದ) ನ್ಯೂಕ್ಲಿಯಸ್ ಹೂವಿನ ಎಸಳುಗಳ ಹಾಗೆ ಸೀಳಿರುವುದನ್ನು ಎಷ್ಟು ಚೆನ್ನಾಗಿ ಬರೆದಿದ್ದೀಯ!

ಆದರೆ ‘ಎಚ್‌ಟಿಎಲ್‌ವಿ-1 ವೈರಸ್ ಹೊಕ್ಕರೆ ರಕ್ತದ ಕ್ಯಾನ್ಸರ್ ಬರುತ್ತದೆ’ ಎಂದು ಒಂದೇ ಉಸಿರಿಗೆ ಮುಗಿಸಿಬಿಟ್ಟೆ. ಇದಕ್ಕೆ ನಾನು ಸುಮ್ನಿರೋದಿಲ್ಲ. ಸೋಂಕಿರುವ 100 ಜನರಲ್ಲಿ ಈ ಕ್ಯಾನ್ಸರ್ ಬರುವುದು ಸುಮಾರು 3ರಿಂದ 5 ಜನರಿಗೆ. ಅದೂ ಹಲವು ದಶಕಗಳಾದ ಮೇಲೆ. ತಾಯಿ ಹಾಲಿನ ಜೊತೆ ಬಂದ ಸೋಂಕು ಆ ಕೆಲವರಲ್ಲಿ ಅರವತ್ತರ ಆಸುಪಾಸಿನಲ್ಲಿ ಕ್ಯಾನ್ಸರ್ ಆಗುತ್ತದೆ. ನಡುವೆ ಏನಾಯಿತು? ಓದುವವರು ಕೇಳುವುದು ಅದನ್ನೇ ಅಲ್ವಾ?

ಅದನ್ನು ಬರಿ. ವೈರಸ್ಸು ತನ್ನ ಆರ್‌ಎನ್‌ಎಯಿಂದ ಡಿಎನ್‌ಎ ಮಾಡಿಕೊಂಡು ಟಿ-ಕೋಶದ ಡಿಎನ್‌ಎಯೊಳಗೇ ಸೇರಿಕೊಳ್ಳುತ್ತದೆ. ಕೋಶ ಎರಡಾದಾಗಲೆಲ್ಲ ಅದೂ ಎರಡಾಗುತ್ತದೆ. ಟ್ಯಾಕ್ಸ್ ಎಂಬ ಅದರ ಪ್ರೋಟೀನು ಕೋಶವನ್ನು ಬೆಳೆಯಲು ದೂಡುತ್ತಲೇ ಇರುತ್ತದೆ. ಕೆಟ್ಟ ಡಿಎನ್‌ಎಯ ರಿಪೇರಿಗೂ ಅಡ್ಡ ಬರುತ್ತದೆ. ಆದರೆ ಟ್ಯಾಕ್ಸ್ ಕಂಡರೆ ನಮ್ಮ ರೋಗನಿರೋಧಕ ಕೋಶಗಳು ಬಿಡುವುದಿಲ್ಲ. ಹಾಗಾಗಿ ಟ್ಯಾಕ್ಸ್ ತೋರಿಸದ ಕೋಶಗಳು ಉಳಿದುಕೊಳ್ಳುತ್ತವೆ. ಎಷ್ಟೋ ರೋಗಿಗಳ ಕ್ಯಾನ್ಸರ್ ಕೋಶಗಳಲ್ಲಿ ಅದು ಸಿಗುವುದೇ ಇಲ್ಲ! ಎಚ್‌ಬಿಝಡ್ ಎಂಬ ವೈರಸ್ಸಿನ ಇನ್ನೊಂದು ಜೀನು ಮಾತ್ರ ಕೆಲಸ ಮಾಡುತ್ತಿರುತ್ತದೆ. ಇತ್ತ ಕೋಶದ ಸ್ವಂತ ಜೀನುಗಳಲ್ಲಿ ಒಂದೊಂದೇ ತಪ್ಪು ಸೇರುತ್ತಾ ಹೋಗಿ, ಯಾವುದೋ ಒಂದು ಕೋಶದ ಸಂತತಿ ಹತೋಟಿ ತಪ್ಪುತ್ತದೆ. ಇದಿಷ್ಟನ್ನೂ ಬಿಟ್ಟರೆ ಓದುಗರಿಗೆ ಭಯ ಬಿಟ್ಟು ಇನ್ನೇನು ಸಿಕ್ಕಿತು?

ಬಹಳ ಹಿಂದೆ ಒಬ್ಬ ಸಂಪಾದಕರು ನನ್ನ ಲೇಖನದಿಂದ ‘ಹೆಚ್ಚಿನವರಿಗೆ ಕಾಯಿಲೆಯೇ ಬರುವುದಿಲ್ಲ’ ಎಂಬ ಸಾಲು ತೆಗೆದರು. ಜಾಗ ಇರಲಿಲ್ಲವಂತೆ. ಹೆದರಿದವರ ಕಾಗದಗಳಿಗೆ ಉತ್ತರ ಬರೆದವಳು ನಾನು. ಆ ಸಿಟ್ಟು ಇನ್ನೂ ಇಳಿದಿಲ್ಲ. ನಿನ್ನ ಅಂಥ ಸಾಲನ್ನು ಯಾರಾದರೂ ಮುಟ್ಟಿದರೆ ಲೇಖನವನ್ನೇ ವಾಪಸ್ ತೆಗೆದುಕೋ.

ಇನ್ನೊಂದು. 1977ರಲ್ಲಿ ಜಪಾನಿನ ವೈದ್ಯ ತಕಾತ್ಸುಕಿ ಮತ್ತು ಅವರ ಜೊತೆಗಾರರು ಈ ಕಾಯಿಲೆಯನ್ನು ಬೇರೆಯಾಗಿ ಗುರುತಿಸಿದ್ದು ರೋಗಿಗಳ ಹುಟ್ಟೂರನ್ನೂ ಗಮನಿಸಿದ್ದರಿಂದ. ಹೆಚ್ಚಿನವರು ಜಪಾನಿನ ನೈಋತ್ಯ ಭಾಗದವರು, ಅದರಲ್ಲೂ ಕ್ಯುಶು ದ್ವೀಪದವರು. ಇದನ್ನು ಬರೆದಿದ್ದೀಯ, ಸಂತೋಷ. ಆದರೆ 1987ರಲ್ಲಿ ನಾಗಸಾಕಿಯಲ್ಲಿ ಬಸುರಿಯರ ರಕ್ತ ಪರೀಕ್ಷೆ ಶುರುವಾಯಿತು. ಸೋಂಕಿದ್ದವರಿಗೆ ಮಗುವಿಗೆ ಎದೆಹಾಲು ಬೇಡ, ಬಾಟಲಿ ಹಾಲು ಕೊಡಿ ಎಂದು ಹೇಳಿದರು. ಮಕ್ಕಳಿಗೆ ಸೋಂಕು ದಾಟುವುದು ಬಹಳ ಕಡಿಮೆಯಾಯಿತು. ನಿನ್ನ ಲೇಖನದಲ್ಲಿ ಆ ತಾಯಂದಿರೇ ಇಲ್ಲ. ಸೇರಿಸಿ ಕಳಿಸು. ಉದ್ದ ಜಾಸ್ತಿಯಾದರೆ ಆಗಲಿ.

ಪ್ರೀತಿಯಿಂದ,
ನಿನ್ನ ಅಕ್ಕ