ಅವನು ಕೇಳಿದರೆ

ಮೈಸೂರು

ಚಿ. ಸುಮಾಳಿಗೆ ದೊಡ್ಡಮ್ಮನ ಆಶೀರ್ವಾದಗಳು.

ನಿನ್ನ ಕಾಗದದ ಒಂದೇ ಒಂದು ಸಾಲು ನನಗೆ ನಿದ್ದೆ ಬರಗೊಡಲಿಲ್ಲ. ನೀನು ನೋಡಿಕೊಳ್ಳುವ ಆ ಹುಡುಗನ ಅಮ್ಮ, ಅವನಿಗೆ ತಿಳಿಯದಂತೆ ಮನೋರೋಗದ ಮಾತ್ರೆ ಪುಡಿ ಮಾಡಿ ಸಾರಿಗೆ ಬೆರೆಸುತ್ತಾರೆ, ಅದು ನಿನಗೆ ಗೊತ್ತು. "ಸಿಸ್ಟರ್, ನನ್ನ ಊಟಕ್ಕೆ ಏನಾದರೂ ಹಾಕ್ತಾರಾ?" ಅಂತ ಅವನು ಕೇಳಿಬಿಟ್ಟರೆ?

ನನ್ನನ್ನು ಒಬ್ಬರು ಕೇಳಿದ್ದರು. 1989ರಲ್ಲಿ, ನಾನೂ ನಿನ್ನಂತೆ ನರ್ಸಾಗಿದ್ದಾಗ. ಹೈಸ್ಕೂಲು ಮೇಷ್ಟ್ರು, ಯಾರೋ ವಿಷ ಹಾಕುತ್ತಾರೆ ಅನ್ನುವುದೇ ಅವರ ಕಾಯಿಲೆ. ನಾನು ಕೊಟ್ಟರೆ ಮಾತ್ರ ಕಾಫಿ ಕುಡಿಯುತ್ತಿದ್ದರು. ಅಷ್ಟಾಗಲು ಎರಡು ತಿಂಗಳು ಹಿಡಿದಿತ್ತು. ಒಂದು ಬೆಳಿಗ್ಗೆ ಲೋಟ ಹಿಡಿದು, "ಇದರಲ್ಲಿ ಏನೂ ಇಲ್ಲ ತಾನೆ?" ಅಂದರು. "ಏನೂ ಇಲ್ಲ, ಕುಡೀರಿ ಮೇಷ್ಟ್ರೇ" ಅಂದೆ. ತಳದಲ್ಲಿ ಬಿಳಿ ಗಸಿ ಉಳಿದಿತ್ತು. ಬೆರಳಲ್ಲಿ ತೆಗೆದು ನನಗೆ ತೋರಿಸಿದರು. ಬೈಯಲಿಲ್ಲ. ಆಮೇಲೆ ಬಹಳ ದಿನ ತಾವೇ ಸುಲಿದ ಬಾಳೆಹಣ್ಣು, ತಾವೇ ಹಿಡಿದ ನಲ್ಲಿ ನೀರು, ಅಷ್ಟೇ. ಅವರ ಭ್ರಮೆಯನ್ನು ನನ್ನ ಕೈಯಾರೆ ನಿಜ ಮಾಡಿದ್ದೆ ಸುಮಾ.

ಆ ತಾಯಿಯ ಮೇಲೆ ಸಿಟ್ಟಾಗಬೇಡ. ರಾತ್ರಿಯೆಲ್ಲ ಬಾಗಿಲಿಗೆ ಅಡ್ಡ ಮಲಗಿದವರ ಕಷ್ಟ ನಮಗೇನು ಗೊತ್ತು. ಆದರೆ ಇಷ್ಟು ಹೇಳಿ ನೋಡು: ಮಾತ್ರೆಯಿಂದ ಕತ್ತು ಸೆಟೆದರೆ, ಕೈ ನಡುಗಿದರೆ, ಕಾರಣ ಗೊತ್ತಿಲ್ಲದ ಅವನು ಅದನ್ನೂ ಮಾಟ ಅಂದುಕೊಳ್ಳುತ್ತಾನೆ. ಡಾಕ್ಟರಿಗೂ ತಿಳಿಸಲೇಬೇಕು, ಬಚ್ಚಿಡಬೇಡ. ದಿನದ ಮಾತ್ರೆಯ ಬದಲು ಎರಡು ವಾರಕ್ಕೋ ನಾಲ್ಕು ವಾರಕ್ಕೋ ಒಮ್ಮೆ ಕೊಡುವ ಇಂಜೆಕ್ಷನ್ ನಮ್ಮ ಕಾಲದಲ್ಲೇ ಇತ್ತು. ಅವನಿಗೆ ಹೇಳಿ, ಒಪ್ಪಿಸಿ ಕೊಡಲಾದೀತೇ ಅಂತ ಕೇಳು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ರೋಗಿಯ ಒಪ್ಪಿಗೆಯ ಬಗ್ಗೆ ಏನು ಹೇಳುತ್ತದೆ ಅಂತ ನನಗಿಂತ ನೀನೇ ಚೆನ್ನಾಗಿ ಓದಿರುತ್ತೀಯ.

ಅಷ್ಟರೊಳಗೆ ಅವನು ಕೇಳಿಬಿಟ್ಟರೆ? ಮತ್ತೆ ಅಲ್ಲಿಗೇ ಬರುತ್ತೇನೆ, ಕ್ಷಮಿಸು. ದನಿ ಕೇಳಿಸುತ್ತದೆ ಅಂದವರಿಗೆ "ನನಗೆ ಕೇಳಿಸ್ತಿಲ್ಲ, ನಿಮಗೆ ಕೇಳಿಸ್ತಿದೆ, ಹೆದರಿಕೆ ಆಗ್ತಿರಬೇಕು" ಅನ್ನುವುದು ನಮಗೆ ಬರುತ್ತದೆ. ಅಲ್ಲಿ ಸುಳ್ಳಿಲ್ಲ, ಜಗಳವೂ ಇಲ್ಲ. ಊಟದ ಪ್ರಶ್ನೆಗೆ ಅಂಥ ಮಾತು ನನಗೆ ಇವತ್ತಿಗೂ ಹೊಳೆದಿಲ್ಲ. "ಇಲ್ಲ" ಅಂತ ಮಾತ್ರ ಅನ್ನಬೇಡ. ನಿನ್ನ ಕೈಯಿಂದ ಕೊಡುವುದರಲ್ಲಿ ಏನಿದೆಯೋ ಅದನ್ನು ಅವನಿಗೆ ಹೇಳಿಯೇ ಕೊಡು; ಮಾತು ಕೊಡುವುದಾದರೆ ಅಷ್ಟಕ್ಕೇ ಕೊಡು. ಅವನು ಕೇಳುವ ಮೊದಲೇ ಅಮ್ಮನ ಬಾಯಿಂದಲೇ ಹೇಳಿಸಲಾದರೆ, ನೀನೂ ಪಕ್ಕದಲ್ಲಿ ಕೂತಿರು. ಅವನು ಸಿಟ್ಟಾಗಬಹುದು. ಎದ್ದು ಹೋಗಬೇಡ.

ಮೇಷ್ಟ್ರ ಹತ್ತಿರ ನಾನು ತಪ್ಪೊಪ್ಪಿಕೊಳ್ಳಲಿಲ್ಲ. ಡ್ಯೂಟಿ ಬದಲಾಯಿಸಿಕೊಂಡೆ.

ಆ ತಾಯಿ ಏನಂದರು ಅಂತ ಬರೆ. ಕಾಯುತ್ತಿರುತ್ತೇನೆ.

ನಿನ್ನ
ದೊಡ್ಡಮ್ಮ