ಬೀಗ ಹಾಕಿದಂತೆಯೇ ಇದೆ, ಹಣ ಮಾತ್ರ ಇಲ್ಲ

ಪ್ರೀತಿಯ ತಂಗಿಗೆ,

‘ಬೆಲ್ ಬಾಟಂ’ ಚಿತ್ರದ ಬಗ್ಗೆ ನೀನು ಬರೆದು ಕಳುಹಿಸಿದ ವಿಮರ್ಶೆಯನ್ನು ಎರಡು ಸಲ ಓದಿದೆ. ಮೊದಲ ಸಲ ಸಿನಿಮಾ ನೆನಪಾಯಿತು, ಎರಡನೆಯ ಸಲ ಕಿರಾಣಿ ಅಂಗಡಿಯ ಚೀಟಿ. ನಟನೆ ಚೆನ್ನ, ಸಂಗೀತ ಚೆನ್ನ, ದ್ವಿತೀಯಾರ್ಧ ನಿಧಾನ, ಉದ್ದ ಜಾಸ್ತಿ. ಯಾವುದೂ ಸುಳ್ಳಲ್ಲ. ಆದರೆ ಈ ಮಾತುಗಳನ್ನು ಯಾವ ಚಿತ್ರಕ್ಕೆ ಅಂಟಿಸಿದರೂ ಅಂಟಿಕೊಳ್ಳುತ್ತವೆ.

ಮೊದಲು ಒಂದು ಕೆಲಸ ಮಾಡು. ಮೂರನೆಯ ಪ್ಯಾರಾದಲ್ಲಿ ಕಳ್ಳ ಯಾರೆಂದು ಹೇಳಿಬಿಟ್ಟಿದ್ದೀಯ, ಅದನ್ನು ಹೊಡೆದುಹಾಕು. ಇಪ್ಪತ್ತೈದರ ವಯಸ್ಸಿನಲ್ಲಿ ನಾನೂ ಒಂದು ವಾರಪತ್ರಿಕೆಯಲ್ಲಿ ಹೀಗೆಯೇ ಮಾಡಿದ್ದೆ. ಟಿಕೆಟ್ಟಿನ ದುಡ್ಡು ದಂಡವಾಯಿತೆಂದು ನಮ್ಮ ಓಣಿಯ ದರ್ಜಿ ಎರಡು ತಿಂಗಳು ನನ್ನ ಪ್ಯಾಂಟು ಹೊಲಿದುಕೊಡದೆ ಸತಾಯಿಸಿದ.

ಇನ್ನು ಈ ಚಿತ್ರಕ್ಕೆ ಟಿ.ಕೆ. ದಯಾನಂದ ಅವರು ಬರೆದ ಕಥೆಯ ಬೀಜವನ್ನು ನೋಡು. 1980ರ ದಶಕ. ಪೊಲೀಸರು ವಶಪಡಿಸಿಕೊಂಡಿದ್ದ ಹಣ ಠಾಣೆಯೊಳಗಿನಿಂದಲೇ ಮಾಯವಾಗುತ್ತದೆ, ಬೀಗ ಮಾತ್ರ ಹಾಕಿದಂತೆಯೇ ಇದೆ. ಮನೆಯಲ್ಲಿ ಕಳ್ಳತನವಾದರೆ ಜನ ಠಾಣೆಗೆ ಓಡುತ್ತಾರೆ. ಠಾಣೆಯಲ್ಲೇ ಕಳ್ಳತನವಾದರೆ ಪೊಲೀಸರು ಯಾರ ಬಳಿಗೆ ಓಡಬೇಕು? ಒಗಟೂ ನಗುವೂ ಒಂದೇ ಹೊಟ್ಟೆಯಲ್ಲಿ ಹುಟ್ಟಿವೆ. ನಮ್ಮ ಚಿತ್ರಗಳಲ್ಲಿ ಬಹುಕಾಲ ಹಾಸ್ಯದ ಟ್ರ್ಯಾಕ್ ಬೇರೆಯೇ ಇರುತ್ತಿತ್ತು. ನಾಯಕ ಹೊಡೆದಾಡಿ ದಣಿದಾಗ ಹಾಸ್ಯನಟರು ಬಂದು ಹತ್ತು ನಿಮಿಷ ನಗಿಸಿ ಹೋಗುತ್ತಿದ್ದರು. ನಿರ್ದೇಶಕ ಜಯತೀರ್ಥ ಅವರಿಗೆ ಆ ಬಾಡಿಗೆಯ ನಗು ಹೆಚ್ಚು ಬೇಕಾಗಲಿಲ್ಲ. ‘ಹಾಸ್ಯ ಚೆನ್ನಾಗಿದೆ’ ಎಂದು ನೀನು ಬಿಟ್ಟುಬಿಟ್ಟ ಜಾಗದಲ್ಲಿ ಇದನ್ನು ಬರೆಯಬೇಕಿತ್ತು.

ಈ ಕಳ್ಳತನದ ಬೆನ್ನು ಹತ್ತುವ ಕಾನ್‌ಸ್ಟೆಬಲ್ ದಿವಾಕರನನ್ನು ‘ಜೇಮ್ಸ್ ಬಾಂಡ್‌ನ ಅಣಕ’ ಎಂದಿದ್ದೀಯ. ಅಷ್ಟು ದೂರ ಯಾಕೆ ಹೋದೆಯೋ! ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನ ಕಾದಂಬರಿಗಳನ್ನು ಬಾಡಿಗೆಗೆ ತಂದು, ಪಠ್ಯಪುಸ್ತಕದೊಳಗೆ ಅಡಗಿಸಿಕೊಂಡು ಓದಿದ ತಲೆಮಾರು ನಮ್ಮದು. 1968ರಲ್ಲಿ ‘ಜೇಡರ ಬಲೆ’ಯಲ್ಲಿ ರಾಜ್‌ಕುಮಾರ್ ಸಿಐಡಿ 999 ಆಗಿ ಬಂದ ಮೇಲೆ ಪತ್ತೇದಾರನಾಗದೆ ಉಳಿದ ಹುಡುಗ ಯಾವ ಬೀದಿಯಲ್ಲೂ ಇರಲಿಲ್ಲ. ದಿವಾಕರ ಆ ಹುಚ್ಚಿನ ವಾರಸುದಾರ. ರಿಷಬ್ ಶೆಟ್ಟಿ ಆ ಹುಚ್ಚನ್ನು ಗೇಲಿ ಮಾಡದೆ, ದಿವಾಕರನಷ್ಟೇ ನಂಬಿ ಅಭಿನಯಿಸುತ್ತಾರೆ. ಅವರ ಮುಖ ಗಂಭೀರವಾದಷ್ಟೂ ನಮಗೆ ನಗು ಬರುವುದು ಅದಕ್ಕೇ. ಕಾಲವೂ ಅವನಿಗೆ ಒದಗಿಬಂದಿದೆ. ಸಿಸಿಟಿವಿ ಇಲ್ಲ, ಮೊಬೈಲ್ ಇಲ್ಲ. ಸುಳಿವು ಬೇಕಾದರೆ ನಡೆಯಬೇಕು, ಜನರ ಬಾಯಿ ಬಿಡಿಸಬೇಕು. ಕೆಲವು ಕಡೆ ಮಾತ್ರ ಆ ದಶಕವನ್ನು ಜವಳಿ ಅಂಗಡಿಯ ಗೊಂಬೆಗೆ ತೊಡಿಸಿ ನಿಲ್ಲಿಸಿದಂತಿದೆ.

‘ದ್ವಿತೀಯಾರ್ಧ ನಿಧಾನ’ ಎಂಬುದು ಗಡಿಯಾರ ನೋಡಿ ಹೇಳುವ ಮಾತು. ನನಗೆ ಕಂಡದ್ದು ಬೇರೆ. ಗಂಟು ಬಿಚ್ಚುವ ಹೊತ್ತು ಬಂದೊಡನೆ ಯಾರು, ಏಕೆ, ಹೇಗೆ ಎಂದು ಎಲ್ಲದಕ್ಕೂ ಲೆಕ್ಕ ಒಪ್ಪಿಸುವ ಹೊಣೆ ಚಿತ್ರದ ಹೆಗಲೇರುತ್ತದೆ. ಅಲ್ಲಿಯವರೆಗೆ ಠಾಣೆಯೊಳಗೇ ಓಡಾಡಿಕೊಂಡಿದ್ದ ನಗು ಚಪ್ಪಲಿ ಬಿಟ್ಟು ಬಾಗಿಲ ಹೊರಗೆ ಕುಳಿತುಕೊಳ್ಳುತ್ತದೆ. ನಾಯಕಿ ಕುಸುಮಳ ವಿಷಯದಲ್ಲಿಯೂ ಬೇಸರವಿದೆ. ಹರಿಪ್ರಿಯಾ ಬಂದಾಗಲೆಲ್ಲ ತೆರೆಗೆ ಕಳೆ ಬರುತ್ತದೆ, ನಿಜ. ಆದರೆ ಪ್ರೇಮದ ಹಾಡು ಶುರುವಾದರೆ ತನಿಖೆ ಬಸ್ ತಪ್ಪಿದವರ ಹಾಗೆ ನಿಂತು ಕಾಯಬೇಕಾಗುತ್ತದೆ.

ಇದು ನನ್ನ ಎಣಿಕೆ, ನಿನ್ನದು ಬೇರೆಯಿರಬಹುದು. ಇನ್ನೊಮ್ಮೆ ನೋಡು. ನೀನು ನಕ್ಕ ಜಾಗಗಳನ್ನೆಲ್ಲ ಗುರುತು ಹಾಕಿಕೊಂಡು, ಪ್ರತಿ ಜಾಗದಲ್ಲೂ ತನಿಖೆ ಒಂದು ಹೆಜ್ಜೆ ಮುಂದೆ ಸರಿಯಿತೋ ಅಲ್ಲೇ ನಿಂತಿತೋ ಬರೆದುಕೋ. ಸರಿದ ಕಡೆಗಳು ಹೆಚ್ಚಿದ್ದರೆ ನನ್ನ ದೂರನ್ನು ಅಲ್ಲಗಳೆದು ಬರೆ, ಸಂತೋಷದಿಂದ ಓದುತ್ತೇನೆ. ‘ಅದ್ಭುತ’ ಎಂಬ ಪದ ಆರು ಕಡೆ ಬಂದಿದೆ, ಒಂದನ್ನು ಉಳಿಸಿಕೋ.

ಮುಂದಿನ ಭಾನುವಾರದೊಳಗೆ ಕಳುಹಿಸು. ಕಳ್ಳನ ಹೆಸರು ತೆಗೆದಿದ್ದೀಯೋ ಇಲ್ಲವೋ ಎಂದು ಮೊದಲು ನೋಡುತ್ತೇನೆ.

ಇಂತಿ,
ನಿನ್ನ ಅಣ್ಣ