ನಿನ್ನ ರೂಮಿನ ಹುಡುಗಿಯರಿಗೆ ಯಾವ ಸಿನಿಮಾ ತೋರಿಸ್ತೀಯ?

ಮೈಸೂರು

ಪ್ರೀತಿಯ ಪುಟ್ಟಿ,

ಕನ್ನಡದಲ್ಲಿ ಕೆಜಿಎಫ್, ಕಾಂತಾರ ಬಿಟ್ಟರೆ ಬೇರೆ ಏನಿದೆ ಅಂತ ಪುಣೆಯ ನಿನ್ನ ರೂಮಿನ ಹುಡುಗಿಯರು ಕೇಳಿದರು ಅಂದೆಯಲ್ಲ. ಫೋನಿನಲ್ಲಿ ಹೇಳಲು ಶುರು ಮಾಡಿದರೆ ನೀನು ಮೀಟಿಂಗ್ ಇದೆ ಅಂತ ಇಟ್ಟುಬಿಡುತ್ತೀಯ. ಅದಕ್ಕೇ ಕೂತು ಬರೆಯುತ್ತಿದ್ದೇನೆ. ಓದಲು ಮೀಟಿಂಗ್ ಅಡ್ಡ ಬರುವುದಿಲ್ಲ ಅಲ್ವಾ?

ಕ್ಯಾಮೆರಾ, ಎಡಿಟಿಂಗ್ ಅಂತ ಮಾತಾಡುವಷ್ಟು ನನಗೆ ಗೊತ್ತಿಲ್ಲ. ನನ್ನ ಹತ್ತಿರ ಇರುವುದು ಒಂದೇ ಅಳತೆ. ಸಿನಿಮಾ ನೋಡಿದ ಮಾರನೇ ದಿನ ಸೊಪ್ಪು ಬಿಡಿಸುತ್ತಾ ಕೂತಾಗ, ಹೀರೋ ಹೀರೋಯಿನ್ ಬಿಟ್ಟು ಇನ್ಯಾರು ನೆನಪಿಗೆ ಬರುತ್ತಾರೆ? ಯಾರೂ ಬರಲಿಲ್ಲ ಅಂದರೆ ನನ್ನ ಪಾಲಿಗೆ ಆ ಸಿನಿಮಾ ಅಲ್ಲಿಗೇ ಮುಗಿಯಿತು. ಎಷ್ಟು ಕೋಟಿ ಬಾಚಿದ್ದರೂ ಅಷ್ಟೇ.

ಕೆಜಿಎಫ್‌ನೇ ತಗೋ. ಯಶ್ ನಮ್ಮ ಮೈಸೂರಿನಲ್ಲಿ ಬೆಳೆದ ಹುಡುಗ, ಅವನ ಮೇಲೆ ನನಗೆ ಅಭಿಮಾನ ಇದೆ. 2018ರಲ್ಲಿ ಬಂದ ಮೊದಲ ಭಾಗದಲ್ಲಿ ಒಂದು ಸೀನ್ ಇದೆ. ಮಗು ಎತ್ತಿಕೊಂಡ ಹೆಂಗಸೊಬ್ಬಳ ಬನ್ನು ರಸ್ತೆ ಮಧ್ಯೆ ಬೀಳುತ್ತದೆ, ಅವನು ಗಾಡಿಗಳನ್ನೆಲ್ಲ ನಿಲ್ಲಿಸಿ ಅದನ್ನು ಎತ್ತಿಕೊಡುತ್ತಾನೆ. ಅದು ನನಗೆ ಬಹಳ ಇಷ್ಟವಾಯಿತು. ಆದರೆ ಆ ಗಣಿಯಲ್ಲಿ ಅಷ್ಟೊಂದು ಜನ ಅಗೆಯುತ್ತಾರಲ್ಲ, ಅವರಲ್ಲಿ ಒಬ್ಬರ ಹೆಸರು ಹೇಳು ನೋಡೋಣ. 2022ರಲ್ಲಿ ಎರಡನೇ ಭಾಗ ಬರುವ ಹೊತ್ತಿಗೆ ಬರೀ ಸದ್ದು. ಮನೆಗೆ ಬಂದ ಮೇಲೂ ಕಿವಿ ಗುಯ್ ಅನ್ನುತ್ತಿತ್ತು. ನಿಮ್ಮಪ್ಪ ಮಾತ್ರ ಸೀಟಿನ ತುದಿಯಲ್ಲಿ ಕೂತು ನೋಡಿದರು, ಬಿಡು.

ಕಾಂತಾರ ಬೇರೆ. ಎಲ್ಲರೂ ಕೊನೆಯ ಗುಳಿಗ ದೈವದ ಆವೇಶದ ಬಗ್ಗೆ ಹೇಳುತ್ತಾರೆ. ನಿಜ, ಮೈ ಜುಮ್ ಅಂದಿತು. ನನಗೆ ಉಳಿದದ್ದು ಮಾತ್ರ ಹೀರೋ ಶಿವನ ಅಮ್ಮ, ಮಾನಸಿ ಸುಧೀರ್ ಮಾಡಿದ ಕಮಲ. ಆಳೆತ್ತರದ ಮಗನನ್ನು ಅವಳು ಬೈಯುವ ರೀತಿ ನೋಡು! ಅದು ಬರೆದು ಬಾಯಿಪಾಠ ಮಾಡಿದ ಬೈಗುಳ ಅನ್ನಿಸುವುದೇ ಇಲ್ಲ. ಆ ಶಿವ ಹೀರೋಯಿನ್ ಲೀಲಾಳ ಸೊಂಟ ಚಿವುಟುವುದು, ಅವಳು ಆಮೇಲೆ ಅವನಿಗೇ ಒಲಿಯುವುದು ಮಾತ್ರ ನನಗೆ ಒಂಚೂರೂ ಹಿಡಿಸಲಿಲ್ಲ. ನಿನ್ನ ಮಲಯಾಳಿ ಗೆಳತಿ ಅದನ್ನೇ ಎತ್ತಿ ಜಗಳ ಮಾಡಿದಳು ಅಂದೆಯಲ್ಲ, ಅವಳ ಪಕ್ಷಕ್ಕೆ ನನ್ನನ್ನೂ ಸೇರಿಸಿಕೋ. 2025ರ ಗಾಂಧಿ ಜಯಂತಿ ದಿನ ಬಂದ ಚಾಪ್ಟರ್ 1 ಇನ್ನೂ ದೊಡ್ಡದು. ಕದಂಬರ ಕಾಲ, ಅರಮನೆ, ಯುದ್ಧ, ಎಲ್ಲವೂ ಇದೆ. ಆದರೆ ಕಮಲನ ಹಾಗೆ ಬೈಯುವವರು ಒಬ್ಬರೂ ಇರಲಿಲ್ಲ.

ಟಿಕೆಟ್ ವಿಷಯ ಇಲ್ಲೇ ಹೇಳಿಬಿಡುತ್ತೇನೆ. 2025ರ ಸೆಪ್ಟೆಂಬರ್‌ನಲ್ಲಿ ಸರ್ಕಾರ ಟಿಕೆಟ್ಟಿಗೆ 200 ರೂಪಾಯಿ ಮಿತಿ ಹಾಕಿತು, ತೆರಿಗೆ ಬೇರೆ. ನಾನೂ ಪಕ್ಕದ ಮನೆಯವರೂ ಖುಷಿಪಟ್ಟೆವು. ಅದೇ ತಿಂಗಳು ಹೈಕೋರ್ಟ್ ತಡೆ ಕೊಟ್ಟಿತು. ಮಾಲ್‌ಗೆ ಹೋದರೆ ಟಿಕೆಟ್ಟಿಗಿಂತ ಪಾಪ್‌ಕಾರ್ನ್ ಜಾಸ್ತಿ. ಮನೆಯಿಂದ ಕೋಡುಬಳೆ ತಗೊಂಡು ಹೋದರೆ ಬ್ಯಾಗಿನಿಂದ ತೆಗೆಸಿ ಹೊರಗಿಡುತ್ತಾರೆ. ಶಾಂತಲಾ ಟಾಕೀಸು 2020ರಲ್ಲಿ ಬಾಗಿಲು ಹಾಕಿದ ಮೇಲೆ ನಮ್ಮಂಥವರು ಸುಮ್ನೆ ಒಂದು ಮಧ್ಯಾಹ್ನ ಎದ್ದು ಸಿನಿಮಾಗೆ ಹೋಗುವುದೇ ಕಡಿಮೆಯಾಯಿತು.

ಈಗ ಹಳೆಯದಕ್ಕೆ ಬರುತ್ತೇನೆ. ನಾನು ಸಿನಿಮಾ ಕಲಿತದ್ದು ಮಂಡ್ಯ ಕಡೆಯ ನಮ್ಮೂರಿನ ಟೆಂಟಿನಲ್ಲಿ. ಮೈಕಿನಲ್ಲಿ ಘಂಟಸಾಲರ ‘ನಮೋ ವೆಂಕಟೇಶ’ ಕೇಳಿಸಿತು ಅಂದರೆ ಆಟ ಶುರು ಅಂತ ಅರ್ಥ. ಊಟದ ತಟ್ಟೆ ತೊಳೆಯದೆ ಓಡುತ್ತಿದ್ದೆವು. ನೆಲದ ಟಿಕೆಟ್ ತಗೊಂಡು, ಮರಳು ಗುಡ್ಡೆ ಮಾಡಿ ಅದರ ಮೇಲೆ ಕೂರುವುದು. ಬೆಂಗಳೂರಿನಲ್ಲಿ ಓಡಿ ಮುಗಿದು ಎಷ್ಟೋ ವರ್ಷವಾದ ಮೇಲೆ ನಮ್ಮೂರಿಗೆ ಸಿನಿಮಾ ರೀಲಿನ ಪೆಟ್ಟಿಗೆ ಬರುತ್ತಿತ್ತು. ಹಾಗಾಗಿ ನಾನು ಹುಟ್ಟಿದ ಆಸುಪಾಸಿನ ಸಿನಿಮಾಗಳೆಲ್ಲ ನನಗೆ ಹೊಸ ಸಿನಿಮಾಗಳೇ.

1972ರ ಬಂಗಾರದ ಮನುಷ್ಯ ಬಂದಾಗ ನಿಮ್ಮ ತಾತ ಮನೆಮಂದಿಯನ್ನೆಲ್ಲ ಗಾಡಿ ಕಟ್ಟಿ ಕರೆದುಕೊಂಡು ಹೋಗಿದ್ದರು. ‘ಆಗದು ಎಂದು’ ಹಾಡಿನಲ್ಲಿ ವಿಶ್ವೇಶ್ವರಯ್ಯನವರ ಹೆಸರೂ ಕನ್ನಂಬಾಡಿಯ ಹೆಸರೂ ಬರುತ್ತದೆ. ನಾಲೆ ನೀರಿನಲ್ಲಿ ಗದ್ದೆ ಮಾಡುವವರಿಗೆ ಅದು ಮನೆದೇವರ ಹಾಡು ಕೇಳಿದಂತೆ. ಟೆಂಟು ಕಿತ್ತುಹೋಗುವಷ್ಟು ಚಪ್ಪಾಳೆ ಬಿತ್ತು. ಅದನ್ನು ನೋಡಿ ಪಟ್ಟಣ ಬಿಟ್ಟು ಬೇಸಾಯಕ್ಕೆ ಬಂದವರೂ ಇದ್ದರು ಅಂತ ಈಗಲೂ ಹೇಳುತ್ತಾರೆ. ರಾಜಕುಮಾರ್ ಬಗ್ಗೆ ನಾನು ಹೇಳಬೇಕಾದ್ದೇನೂ ಇಲ್ಲ. ನನ್ನ ಮನಸ್ಸಿನಲ್ಲಿ ಕೂತವರು ಬಾಲಕೃಷ್ಣ ಮಾಡಿದ ರಾಚೂಟಪ್ಪ. ಅವರು ಪರದೆ ಮೇಲೆ ಬಂದರೆ ಸಾಕು, ನಮ್ಮ ಬೀದಿಯ ಯಾರೋ ಯಜಮಾನರು ಬಂದ ಹಾಗಾಗುತ್ತದೆ. ಅವರು ಇದ್ದದ್ದಕ್ಕೇ ಹೀರೋ ರಾಜೀವನ ಒಳ್ಳೆಯತನ ನಂಬುವ ಹಾಗಾಯಿತು ಅನ್ನುವುದು ನನ್ನ ವಾದ.

ಕಸ್ತೂರಿ ನಿವಾಸ ಬೇಡ. ಒಳ್ಳೆಯ ಸಿನಿಮಾನೇ. ಆದರೆ ಅಷ್ಟು ದಾನ ಮಾಡಿ ಬರಿಗೈ ಆಗುವವರನ್ನು ಕಂಡರೆ ನನಗೆ ಅಳುವಿಗಿಂತ ಸಿಟ್ಟೇ ಜಾಸ್ತಿ ಬರುತ್ತದೆ.

ನಾಗರಹಾವು ತೋರಿಸಲೇಬೇಕು. ಅದೂ 1972ರದ್ದೇ. ಮಾಡಿದವರು ಪುಟ್ಟಣ್ಣ ಕಣಗಾಲ್, ನಮ್ಮ ಪಿರಿಯಾಪಟ್ಟಣದ ಕಣಗಾಲಿನವರು. ಹೀರೋ ರಾಮಾಚಾರಿಯಾದ ವಿಷ್ಣುವರ್ಧನ್ ಮೈಸೂರಿನವರು, ಅಶ್ವತ್ಥ್ ಮೈಸೂರಿನವರು. ಜಲೀಲನಾಗಿ ಬಂದುಹೋಗುವ ಅಂಬರೀಶ್ ಮದ್ದೂರು ತಾಲೂಕಿನ ದೊಡ್ಡರಸಿನಕೆರೆಯವರು. ಚಿತ್ರದುರ್ಗದ ಕಥೆಯನ್ನು ನಮ್ಮ ಕಡೆಯವರು ಸೇರಿ ಆಡಿದ್ದಾರೆ ಅಂತ ದುರ್ಗದವರ ಮುಂದೆ ಹೇಳಬೇಡ, ಹೊಡೆದಾರು.

ಆ ಸಿನಿಮಾದಲ್ಲಿ ಅಶ್ವತ್ಥ್ ಮಾಡಿದ ಚಾಮಯ್ಯ ಮೇಷ್ಟ್ರು ನನ್ನನ್ನು ಇವತ್ತಿಗೂ ಕಾಡುತ್ತಾರೆ. ಚಿಕ್ಕವಳಿದ್ದಾಗ ಅವರಿಗೋಸ್ಕರ ಅತ್ತಿದ್ದೆ. ಅಂಥ ಮೇಷ್ಟ್ರು ನಮ್ಮ ಶಾಲೆಗೂ ಬರಬಾರದಾ ಅನ್ನಿಸುತ್ತಿತ್ತು. ನಿನ್ನನ್ನು ಹೆತ್ತ ಮೇಲೆ ಟಿವಿಯಲ್ಲಿ ಮತ್ತೆ ನೋಡಿದಾಗ ಅವರ ಮೇಲೇ ಕೋಪ ಬಂತು. ಜಾತಿ ನೋಡಿ, ರಾಮಾಚಾರಿ ಪ್ರೀತಿಸಿದ ಅಲಮೇಲುವನ್ನು ಅವನಿಂದ ಬಿಡಿಸಿದವರು ಯಾರು? ಅದೇ ಮೇಷ್ಟ್ರು. ರಾಮಾಚಾರಿ ಅವರ ಮಾತಿಗೆ ತಲೆಬಾಗಿದ. ಅವನ ತ್ಯಾಗ ದೊಡ್ಡದಾಯಿತು, ಅವಳ ಬಾಳು ಬೀದಿಗೆ ಬಿತ್ತು. ಅವಳನ್ನು ಒಂದು ಮಾತು ಕೇಳಿದವರಿಲ್ಲ. ಅವನು ಆಮೇಲೆ ಪ್ರೀತಿಸಿದ ಮಾರ್ಗರೆಟ್ ಗತಿಯೂ ಅಷ್ಟೇ. ಮೇಷ್ಟ್ರು ಕೆಟ್ಟವರಲ್ಲ, ಅದೇ ಅಲ್ಲಿ ಇರುವ ಕಷ್ಟ. ನಮ್ಮ ಮನೆಗಳಲ್ಲೂ ಹುಡುಗಿಯರ ಬಾಳು ಕೆಡಿಸಿದವರಲ್ಲಿ ಮುಕ್ಕಾಲು ಪಾಲು ಒಳ್ಳೆಯವರೇ ಅಲ್ವಾ? ಪುಟ್ಟಣ್ಣ ಇದನ್ನು ಬೇಕೆಂದೇ ಹೀಗೆ ಇಟ್ಟರೋ ಇಲ್ಲವೋ, ಅಶ್ವತ್ಥ್ ಮುಖದಲ್ಲಿ ಪ್ರೀತಿಯೂ ಹಟವೂ ಒಟ್ಟಿಗೇ ಕಾಣುತ್ತದೆ. ಅಂಥ ಪಾತ್ರ ಈಗ ಯಾರು ಬರೆಯುತ್ತಾರೆ? ಈಗ ಹೀರೋನ ಗುರು ಅಂದರೆ ಮೊದಲ ಹತ್ತು ನಿಮಿಷದಲ್ಲಿ ಸಾಯಬೇಕು, ಸೇಡಿಗೆ ಒಂದು ಕಾರಣ ಕೊಡಬೇಕು.

ಹಾಗೇ ಶರಪಂಜರವನ್ನೂ ತೋರಿಸು, ಅದನ್ನು ನೀನೂ ಪೂರ್ತಿ ನೋಡಿಲ್ಲ. 1971ರ ಸಿನಿಮಾ, ಇದೂ ಪುಟ್ಟಣ್ಣನವರದ್ದು, ಕಥೆ ತ್ರಿವೇಣಿಯವರದ್ದು. ತ್ರಿವೇಣಿ ಹುಟ್ಟಿದ್ದು ಮಂಡ್ಯದಲ್ಲಿ, ಬದುಕಿದ್ದು ಇಲ್ಲೇ ಮೈಸೂರಿನಲ್ಲಿ. 1963ರಲ್ಲಿ ತೀರಿಕೊಂಡಾಗ ಮೂವತ್ತೈದೂ ದಾಟಿರಲಿಲ್ಲವಂತೆ. ಬಾಣಂತನದಲ್ಲಿ ಕಾವೇರಿಯ ಮನಸ್ಸು ಕೆಡುತ್ತದೆ, ಆಸ್ಪತ್ರೆಗೆ ಸೇರಿಸುತ್ತಾರೆ, ವಾಸಿಯಾಗಿ ಮನೆಗೆ ಬರುತ್ತಾಳೆ. ಆಮೇಲಿನದ್ದೇ ನಿಜವಾದ ಕಥೆ. ಅವಳು ನಕ್ಕರೂ ಜನ ಅನುಮಾನದಿಂದ ನೋಡುತ್ತಾರೆ, ಸುಮ್ಮನಿದ್ದರೂ ನೋಡುತ್ತಾರೆ. ಗಂಡನೂ ದೂರ ಆಗುತ್ತಾನೆ. ಕಾವೇರಿಯಾಗಿ ಕಲ್ಪನಾ ಅಭಿನಯ ಈಗಿನವರಿಗೆ ಸ್ವಲ್ಪ ಜಾಸ್ತಿ ಅನ್ನಿಸಬಹುದು. ಮೊದಲ ಅರ್ಧ ಗಂಟೆ ಅಷ್ಟೇ, ತಡೆದುಕೊಳ್ಳಿ. ನೀನು ಹುಟ್ಟಿದ ಮೇಲೆ ಕೆಲವು ವಾರ ನನಗೂ ಏನೂ ಬೇಡ ಅನ್ನಿಸುತ್ತಿತ್ತು. ಬಾಣಂತಿಗೆ ಗಾಳಿ ಸೋಕಿದೆ ಅಂತ ಬಂದವರೆಲ್ಲ ಹೇಳುತ್ತಿದ್ದರು. ನಿಮ್ಮಜ್ಜಿ ಒಬ್ಬಳೇ, ಇವಳಿಗೆ ನಿದ್ದೆ ಮಾಡಲು ಬಿಡಿ ಅಂತ ಎಲ್ಲರನ್ನೂ ಓಡಿಸಿದಳು. ಕಾವೇರಿಯ ಸುತ್ತ ಅಂಥ ಒಬ್ಬಳಿದ್ದಿದ್ದರೆ ಅಂತ ಆ ಸಿನಿಮಾ ನೋಡಿದಾಗಲೆಲ್ಲ ಅಂದುಕೊಳ್ಳುತ್ತೇನೆ.

ನಮ್ಮ ಅಪ್ಪು, ಅಂದರೆ ಪುನೀತ್ ರಾಜಕುಮಾರ್ ಸಿನಿಮಾ ಒಂದಾದರೂ ಬೇಕು ಅನ್ನುತ್ತೀಯ, ಗೊತ್ತು. ‘ಬೊಂಬೆ ಹೇಳುತೈತೆ’ ಹಾಡಿಗೆ ನೀನು ಕುಣಿದದ್ದು ನೆನಪಿದೆ. ಆದರೆ ನಾನು 1985ರ ಬೆಟ್ಟದ ಹೂವು ತೋರಿಸು ಅನ್ನುತ್ತೇನೆ. ಕಾಡಿನ ಹೂವು ಕಿತ್ತು ಮಾರಿ, ಕುವೆಂಪು ಅವರ ರಾಮಾಯಣ ದರ್ಶನಂ ಕೊಳ್ಳಲು ದುಡ್ಡು ಕೂಡಿಸುವ ಬಡ ಹುಡುಗನ ಕಥೆ. ಕೊನೆಗೆ ಚಳಿಗೆ ಕಂಬಳಿ ಕೊಂಡುಕೊಂಡು ಮನೆಗೆ ಹೋಗುತ್ತಾನೆ. ಆ ಪಾತ್ರಕ್ಕೆ ಪುನೀತ್‌ಗೆ ರಾಷ್ಟ್ರಪ್ರಶಸ್ತಿ ಬಂತು. ಸಂಗೀತ ರಾಜನ್ ನಾಗೇಂದ್ರ, ಅವರೂ ಮೈಸೂರಿನವರೇ. (ನಾನು ಊರಾಭಿಮಾನ ಜಾಸ್ತಿ ಮಾಡುತ್ತೇನೆ ಅಂತ ನೀನು ಹೇಳುವ ಮೊದಲೇ ಒಪ್ಪಿಕೊಂಡಿದ್ದೇನೆ.)

ತಿಥಿಯ ವಿಷಯಕ್ಕೆ ಬಂದರೆ ನನಗೆ ಮಾತು ನಿಲ್ಲುವುದಿಲ್ಲ. ಮಂಡ್ಯ ಜಿಲ್ಲೆಯ ನೊದೆಕೊಪ್ಪಲಿನಲ್ಲಿ ಮಾಡಿದ ಸಿನಿಮಾ. ನಿರ್ದೇಶಕ ರಾಮ್ ರೆಡ್ಡಿ, ಜೊತೆಗೆ ಬರೆದವರು ಈರೇಗೌಡ. ಊರಿನವರೇ ನಟಿಸಿದ್ದಾರೆ, ಒಬ್ಬರೂ ಸಿನಿಮಾದವರಲ್ಲ. 2015ರಲ್ಲಿ ಸ್ವಿಟ್ಜರ್ಲೆಂಡಿನ ಲೊಕಾರ್ನೋದಲ್ಲಿ ಪ್ರಶಸ್ತಿ ಗೆದ್ದು, ಮರುವರ್ಷ ನಮ್ಮ ಟಾಕೀಸಿಗೆ ಬಂತು. ನೂರೊಂದು ವರ್ಷದ ಸೆಂಚುರಿ ಗೌಡ ಬೀದಿಯಲ್ಲಿ ಹೋಗುವವರನ್ನೆಲ್ಲ ಬೈಯುತ್ತಾ ಕೂತಿರುತ್ತಾನೆ, ನೋಡನೋಡುತ್ತಲೇ ಸಾಯುತ್ತಾನೆ. ಹನ್ನೊಂದನೇ ದಿನದ ತಿಥಿಯೊಳಗೆ ಮೊಮ್ಮಗ ಜಮೀನು ಮಾರಬೇಕು. ಜಮೀನು ಮಾತ್ರ ಅವನ ಅಪ್ಪ ಗಡ್ಡಪ್ಪನ ಪಾಲಿನದು. ಗಡ್ಡಪ್ಪನಿಗೆ ಜಮೀನೂ ಬೇಡ, ತಿಥಿಯೂ ಬೇಡ, ಗಡ್ಡ ಸವರಿಕೊಂಡು ಅಲೆಯುತ್ತಾನೆ. ಬದುಕಿರುವ ಅಪ್ಪನಿಗೇ ಮಗ ಮರಣ ಪತ್ರ ಮಾಡಿಸುತ್ತಾನೆ!

ಪಹಣಿ, ಖಾತೆ ಅಂತ ತಾಲೂಕು ಕಚೇರಿಗೆ ಅಲೆದವರಿಗೆ ಇದರಲ್ಲಿ ಒಂದು ಸುಳ್ಳೂ ಕಾಣುವುದಿಲ್ಲ. ನಿಮ್ಮಪ್ಪ ನಕ್ಕೂ ನಕ್ಕೂ ಕೆಮ್ಮಿದರು. ನನಗೆ ಇನ್ನೊಂದು ಖುಷಿ. ಬೇರೆ ಸಿನಿಮಾಗಳಲ್ಲಿ ನಮ್ಮ ಮಂಡ್ಯದ ಮಾತು ಆಡುವವನು ಆಳೋ, ಪೆದ್ದನೋ ಆಗಿರುತ್ತಾನೆ. ಹೀರೋ ಮಾತ್ರ ಪುಸ್ತಕದ ಕನ್ನಡ ಆಡುತ್ತಾನೆ. ಇಲ್ಲಿ ಎಲ್ಲರೂ ನಮ್ಮ ಹಾಗೇ ಮಾತಾಡುತ್ತಾರೆ, ಅದರಲ್ಲೇ ಮೋಸ, ಅದರಲ್ಲೇ ಪ್ರೀತಿ, ಅದರಲ್ಲೇ ವ್ಯವಹಾರ. ಹೀರೋ ಯಾರು ಅಂತ ಕೇಳಿದರೆ ಹೇಳಲಾಗುವುದಿಲ್ಲ. ನನ್ನ ಅಳತೆಗೆ ನೂರಕ್ಕೆ ನೂರು. ಒಂದೇ ಎಚ್ಚರಿಕೆ, ಬೈಗುಳ ಬಹಳ ಇದೆ. ಸಬ್‌ಟೈಟಲ್‌ನಲ್ಲಿ ಅದರ ರುಚಿ ಅರ್ಧವೂ ಸಿಗುವುದಿಲ್ಲ. ನೀನು ಪಕ್ಕದಲ್ಲಿ ಕೂತು ಹೇಳಬೇಕಾಗುತ್ತದೆ, ನಾಚಿಕೆ ಪಡಬೇಡ.

ಹೊಸದರಲ್ಲಿ ಆ ಥರ ಊರು ತುಂಬಿರುವುದು ಸು ಫ್ರಮ್ ಸೋ. 2025ರ ಜುಲೈನಲ್ಲಿ ಬಂತು. ಜೆ.ಪಿ. ತುಮಿನಾಡು ನಿರ್ದೇಶನ, ರಾಜ್ ಬಿ. ಶೆಟ್ಟಿ ನಿರ್ಮಾಣ. ದೊಡ್ಡ ಸ್ಟಾರ್ ಇಲ್ಲ, ಆದರೂ ಟಿಕೆಟ್ ಸಿಗದೆ ಎರಡು ಸಲ ವಾಪಸ್ ಬಂದೆವು. ಹುಡುಗನ ಮೈಮೇಲೆ ದೆವ್ವ ಬಂದಿದೆ ಅಂತ ಊರೇ ನಂಬುವ ಕಥೆ. ಎಲ್ಲರಿಗೂ ಒಂದೊಂದು ಸ್ವಭಾವ, ಒಂದೊಂದು ಚಟ. ಅದರಲ್ಲೂ ಆ ರವಿಯಣ್ಣ! ಮಂಗಳೂರು ಕಡೆಯ ಮಾತು ನನಗೆ ಪೂರ್ತಿ ಅರ್ಥವಾಗದಿದ್ದರೂ ಆ ಮನುಷ್ಯ ಅರ್ಥವಾದ.

ಉಳಿದವು ಬೇಗ ಹೇಳುತ್ತೇನೆ. 777 ಚಾರ್ಲಿ ಮೈಸೂರಿನಲ್ಲಿ ಶುರುವಾಗುತ್ತದೆ, ನಾಯಿ ಸಾಕಿದವರು ಕರ್ಚೀಫು ಇಟ್ಟುಕೊಳ್ಳಲಿ, ಪ್ರಯಾಣ ಸ್ವಲ್ಪ ಉದ್ದ. ಸಪ್ತ ಸಾಗರದಾಚೆ ಎಲ್ಲೋ ಸೈಡ್ ಎ ಚೆನ್ನಾಗಿದೆ, ಒಂದು ಮನೆ ಕಟ್ಟುವ ಆಸೆಗೆ ಹುಡುಗ ಬೇರೆಯವರ ತಪ್ಪು ತಲೆ ಮೇಲೆ ಹಾಕಿಕೊಳ್ಳುವುದು ನಂಬುವ ಹಾಗಿದೆ. ಸೈಡ್ ಬಿ ನನಗೆ ಬೇಕಿರಲಿಲ್ಲ. ಮುಂಗಾರು ಮಳೆ ಸಿನಿಮಾ ನೋಡಬೇಕಾದ್ದು ಹಾಡಿಗೆ, ಮಳೆಗೆ, ಅನಂತ್ ನಾಗ್‌ಗೆ. ಹೀರೋ ಜೊತೆ ಇರುವ ಆ ಮೊಲ ನಿನಗೆ ಬಿಟ್ಟಿದ್ದು.

ಶುರು ಮಾಡುವುದು 1991ರ ಗೌರಿ ಗಣೇಶದಿಂದ. ಅನಂತ್ ನಾಗ್ ಸುಳ್ಳು ಹೇಳುವುದನ್ನು ನೋಡಿದರೆ ಮರಾಠಿ ಹುಡುಗಿಯೂ ನಗುತ್ತಾಳೆ. ಆಮೇಲೆ ತಿಥಿ, ಆಮೇಲೆ ಒಂದು ಭಾನುವಾರ ಬಿಡುವಾಗಿ ಶರಪಂಜರ. ಒಂದೇ ದಿನ ಎರಡು ಪುಟ್ಟಣ್ಣ ಹಾಕಬೇಡ, ಊಟ ಸೇರುವುದಿಲ್ಲ.

ನಿಮ್ಮಪ್ಪ ಪಕ್ಕದಲ್ಲಿ ನಿಂತು ‘ಓಂ’ ಸೇರಿಸು ಅಂತ ಪೀಡಿಸುತ್ತಿದ್ದಾರೆ. ಅದರಲ್ಲಿ ನಿಜವಾದ ರೌಡಿಗಳೇ ನಟಿಸಿದ್ದಾರಂತೆ, ಅದೇ ಅದರ ಹೆಚ್ಚುಗಾರಿಕೆಯಂತೆ. ಹುಡುಗಿಯನ್ನು ಎತ್ತಿಕೊಂಡು ಹೋಗಿ ಪ್ರೀತಿಸು ಅನ್ನುವವನನ್ನು ನಿನ್ನ ಗೆಳತಿಯರಿಗೆ ನಾನು ಪರಿಚಯ ಮಾಡಿಸುವುದಿಲ್ಲ. ಬೇಕಾದರೆ ಪುಣೆಗೆ ಬಂದಾಗ ಅವರೇ ತೋರಿಸಲಿ, ಮಲಯಾಳಿ ಹುಡುಗಿಯ ಪ್ರಶ್ನೆಗಳಿಗೂ ಅವರೇ ಉತ್ತರ ಕೊಡಲಿ.

ಇಂತಿ,
ನಿನ್ನ ಅಮ್ಮ